ಪಂಚೆಯವರಿಗೂ ಒಂದು ಮಸಾಲೆ ದೋಸೆ!

ಸಿನಿಮಾ ಹುಚ್ಚಿನ ಹಳ್ಳಿ ಹುಡುಗನ ಜೇಬಿನಲ್ಲಿ ಯಾವಾಗಲೂ ಮೂರು ಲೆಕ್ಕ. ಒಂದು ಬಸ್ ಚಾರ್ಜು, ಇನ್ನೊಂದು ಟಿಕೆಟ್ಟು, ಮತ್ತೊಂದು ಹೊಟ್ಟೆ. ಬಸ್ಸಿಗೂ ಟಿಕೆಟ್ಟಿಗೂ ರೇಟು ಗೊತ್ತು. ಹೋಟೆಲಿನಲ್ಲೂ ಗೋಡೆ ಮೇಲೆ ಬೋರ್ಡು ಇರುತ್ತೆ. ಆದರೆ ಮಿತ್ರರೇ, ಹೋಟೆಲಿನಲ್ಲಿ ಬೋರ್ಡಿಗೆ ಬರೆಯದ ಇನ್ನೊಂದು ರೇಟೂ ಇರುತ್ತೆ. ಅದು ಗಿರಾಕಿಯ ಬಟ್ಟೆ ನೋಡಿ ಕಟ್ಟೋ ರೇಟು!

ಇವತ್ತು ಅದರದೇ ಮಾತು.

ನಮ್ಮದು ಆವತಿ. ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಸಾಗಿದರೆ ಸಿಗೋ ಊರು. ಹೆಸರು ಕೇಳಿಲ್ಲವೆ? ಪರವಾಗಿಲ್ಲ. ಕೆಂಪೇಗೌಡರ ಹೆಸರಂತೂ ಕೇಳಿರ್ತೀರಿ. 1537ರಲ್ಲಿ ಬೆಂಗಳೂರು ಕಟ್ಟಿದ ಆ ಪುಣ್ಯಾತ್ಮರ ಪೂರ್ವಿಕರು ಆವತಿ ನಾಡಪ್ರಭುಗಳ ಮನೆತನದವರು ಅಂತ ಇತಿಹಾಸ ಬಲ್ಲವರು ಹೇಳ್ತಾರೆ. ಹಾಗಾಗಿ ಬೆಂಗಳೂರಿನ ಮೇಲೆ ನಮಗೆ ಒಂಥರಾ ಸಲಿಗೆ. ಬಸ್ಸು ಹತ್ತಿ ಯಲಹಂಕ, ಹೆಬ್ಬಾಳ ದಾಟಿ ಮೆಜೆಸ್ಟಿಕ್‌ನಲ್ಲಿ ಇಳಿದರೆ ಎದುರಿಗೆ ಅವರದೇ ಹೆಸರಿನ ಬಸ್ ನಿಲ್ದಾಣ. ನಮ್ಮೋರು ಕಟ್ಟಿದ ಊರು ಕಣ್ರೋ ಅಂತ ಎದೆಯುಬ್ಬಿಸಿ ನಡೆಯೋದು. ಆ ಎದೆ ಸಲೀಸಾಗಿ ಇಳಿಯೋದು ಎಲ್ಲಿ ಅಂತೀರಿ? ಹೋಟೆಲಿನ ಬಾಗಿಲಲ್ಲಿ!

1983ನೇ ಇಸವಿ. ಅಣ್ಣಾವ್ರ 'ಕವಿರತ್ನ ಕಾಳಿದಾಸ' ಬಂದಿತ್ತು. ನಮ್ಮಪ್ಪ ಅಣ್ಣಾವ್ರ ಭಕ್ತ. 1972ರಲ್ಲಿ 'ಬಂಗಾರದ ಮನುಷ್ಯ' ಬಂದು ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತಲ್ಲ, ಆಗ ರಾಗಿ ಕಣದ ಕೆಲಸ ಮುಗಿಸಿ ಊರಿನ ನಾಲ್ಕು ಜನರ ಜೊತೆ ಹೋಗಿ ನೋಡಿ ಬಂದಿದ್ದರು. ಬರುವಾಗ ಬಾಳೆ ಎಲೆಯಲ್ಲಿ ಕಟ್ಟಿಸಿ ತಂದ ಮಸಾಲೆ ದೋಸೆ ಮನೆಗೆ ಬರೋ ಹೊತ್ತಿಗೆ ತಣ್ಣಗಾಗಿ ಮೆತ್ತಗಾಗಿತ್ತು. ಆದರೂ ನಾವು ಮಕ್ಕಳು ಅದನ್ನು ಹಂಚಿಕೊಂಡು ತಿಂದ ವೈಭವ ಕೇಳಬೇಡಿ! ಆ ಋಣ ತೀರಿಸೋಣ ಅಂತ ಈ ಸಲ ನಾನೇ ಅಪ್ಪನನ್ನು ಕರೆದುಕೊಂಡು ಹೊರಟೆ. ಮಾರ್ನಿಂಗ್ ಶೋ ನೋಡೋದು, ಆಮೇಲೆ ಒಳ್ಳೇ ಹೋಟೆಲಿನಲ್ಲಿ ಕೂತು ಬಿಸಿ ಬಿಸಿ ದೋಸೆ.

ಸಿನಿಮಾ ನೆನಪಿದೆ ತಾನೆ? ಕುರಿ ಕಾಯೋನಿಗೆ ಪಂಡಿತನ ವೇಷ ಹಾಕಿ ಅರಮನೆಗೆ ಕರೆತರ್ತಾರೆ. ಮನುಷ್ಯ ಅವನೇ. ಬಟ್ಟೆ ಬದಲಾದ ಕೂಡಲೇ ಮರ್ಯಾದೆಯೇ ಬೇರೆ! ಥಿಯೇಟರಿನಲ್ಲಿ ಇದಕ್ಕೆ ಶಿಳ್ಳೆ ಹೊಡೆದು ನಕ್ಕು ಈಚೆ ಬಂದೆವು. ಹತ್ತೇ ನಿಮಿಷದಲ್ಲಿ ಅದೇ ಸೀನು ನಮ್ಮ ಮೇಲೆ!

ಹೋಟೆಲಿನ ಹೆಸರು ಬೇಡ. ಅಪ್ಪನ ಮೈಮೇಲೆ ಒಗೆದ ಪಂಚೆ, ಅರ್ಧ ತೋಳಿನ ಅಂಗಿ, ಹೆಗಲ ಮೇಲೆ ಟವೆಲ್. ಫ್ಯಾನಿನ ಕೆಳಗೆ ಜಾಗ ನೋಡಿ ಕೂತೆವು. ನೀರು ಬರಲಿಲ್ಲ. ಪಕ್ಕದ ಟೇಬಲ್ಲಿಗೆ ಆಮೇಲೆ ಬಂದವರಿಗೆ ನೀರು ಬಂತು, ಮೆನು ಬಂತು, ನಗುವೂ ಬಂತು. ನಮ್ಮ ಹತ್ತಿರ ಕೊನೆಗೆ ಬಂದ ಸಪ್ಲೈಯರು ಅಂದಿದ್ದು ಒಂದೇ ಮಾತು. "ಆ ಕಡೆ ಹೋಗಿ ಕೂತ್ಕಳಿ, ಇಲ್ಲಿ ಫ್ಯಾಮಿಲಿ ಬರ್ತಾರೆ."

ಆ ಕಡೆ ಅಂದರೆ ಕೈ ತೊಳೆಯೋ ಜಾಗದ ಪಕ್ಕ.

ನನಗೆ ರಕ್ತ ಕುದಿಯಿತು. ಫ್ಯಾಮಿಲಿಯಂತೆ! ತಂದೆ ಮಗ ಅಂದರೆ ಏನು, ಬೀದಿಯಲ್ಲಿ ಸಿಕ್ಕಿದವರೆ? ಅಂಬರೀಶ್ ಸ್ಟೈಲಿನಲ್ಲಿ ಎದ್ದು ನಿಂತೆ. ಅಪ್ಪ ಮಾತ್ರ ಟವೆಲ್ ಕೊಡವಿ, "ಬಾ ಮಗ" ಅಂತ ಅತ್ತ ಹೋಗಿ ಕೂತರು. ದೋಸೆ ಬಂತು. ಅಂಚು ಸೀದಿತ್ತು, ಪಲ್ಯ ತಣ್ಣಗಿತ್ತು. ಚಟ್ನಿ ಇನ್ನೊಂದು ಸಲ ಕೇಳಿದರೆ ಕಿವಿಯೇ ಕೇಳಿಸದವನ ಹಾಗೆ ಹೋದ. ಅಪ್ಪ ಒಂದು ಚೂರೂ ಬಿಡದೆ ತಿಂದು ಬಿಲ್ಲು ತಾವೇ ಕೊಟ್ಟರು. ಈಚೆ ಬಂದ ಮೇಲೆ ನಾನು ಬಯ್ಯೋಕೆ ಶುರು ಮಾಡಿದರೆ ಅವರು ಅಂದಿದ್ದು ಇಷ್ಟೇ: "ಬಿಡು ಮಗ. ಅವನ ಕಾಲು ನೋಡ್ದಾ? ಹೆಂಗೆ ಊದ್ಕಂಡಿತ್ತು!"

ನಾನು ನೋಡಿದ್ದು ಆ ಮನುಷ್ಯನ ಮುಖ. ಅಪ್ಪ ನೋಡಿದ್ದು ಅವನ ಕಾಲು.

ಆದರೆ ಒಂದು ಮಾತು. ಆವತ್ತಿನಿಂದ ಹತ್ತು ವರ್ಷಕ್ಕೂ ಮೀರಿ ಅಪ್ಪ ಬೆಂಗಳೂರಿನ ಹೋಟೆಲು ಮೆಟ್ಟಿಲು ಹತ್ತಲಿಲ್ಲ. ಕೋರ್ಟು ಕೆಲಸ ಇರಲಿ, ಆಸ್ಪತ್ರೆ ಇರಲಿ, ಅಮ್ಮ ಕಟ್ಟಿಕೊಟ್ಟ ಬುತ್ತಿ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಊಟ. ಕಾಲಿನ ಮಾತು ಹೇಳಿ ನನ್ನ ಸಿಟ್ಟು ಇಳಿಸಿದ ಮನುಷ್ಯ ತಮ್ಮ ನೋವನ್ನು ಮಾತ್ರ ಒಳಗೇ ಇಟ್ಟುಕೊಂಡಿದ್ದರು.

ಸಪ್ಲೈಯರುಗಳ ಕಥೆ ಆಮೇಲೆ ತಿಳೀತು. ನಮ್ಮ ಊರ ಕಡೆಯ ಹುಡುಗನೊಬ್ಬ ಗಾಂಧಿನಗರದಲ್ಲಿ ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿದ್ದ. ಅವನು ಹೇಳಿದ ಲೆಕ್ಕ ಸರಳ. ಸಂಬಳ ಸಾಲದು, ಟಿಪ್ಸೇ ಗತಿ. ಪ್ಯಾಂಟಿನವರು ತಟ್ಟೆಯಲ್ಲಿ ಚಿಲ್ಲರೆ ಬಿಡ್ತಾರೆ, ಪಂಚೆಯವರು ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ತಾರೆ. ಗಲ್ಲಾದಲ್ಲಿ ಕೂತ ಮಾಲೀಕನ ಕಣ್ಣು ಬೇರೆ ಬೆನ್ನ ಮೇಲೆ. ಬೆಳಗಿನ ಜಾವ ಎದ್ದವನು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದೇ ಟೇಬಲ್ಲುಗಳನ್ನು ಜೋಡಿಸಿ ಮಲಗೋದು. ಸೆಕೆಂಡ್ ಶೋ ಒಂದೇ ಅವನ ಸುಖ. ಬಟ್ಟೆ ನೋಡಿ ಅಳೆಯೋದು ಅವನು ಹುಟ್ಟುತ್ತಾ ಕಲಿತದ್ದಲ್ಲ, ಆ ಕೆಲಸ ಕಲಿಸಿದ್ದು.

ಹಾಗಂತ ಬೆಂಗಳೂರೆಲ್ಲ ಹೀಗೇ ಅಂತ ಹೇಳಿದರೆ ನಾಲಿಗೆ ಸುಳ್ಳಾದೀತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಿ ನೋಡಿ. 1943ರಲ್ಲಿ ಶುರುವಾದದ್ದು. ಸಪ್ಲೈಯರು ದೋಸೆ ತಟ್ಟೆಗಳನ್ನು ಮೆಟ್ಟಿಲಿನ ಹಾಗೆ ಕೈ ಮೇಲೆ ಜೋಡಿಸಿಕೊಂಡು ಬರೋದು ಯಾವ ಸರ್ಕಸ್ಸಿಗೂ ಕಡಿಮೆಯಿಲ್ಲ. ಜಾಗ ಸಿಕ್ಕಿದ ಕಡೆ ಅಪರಿಚಿತರ ಟೇಬಲ್ಲಿನಲ್ಲೇ ಕೂರಬೇಕು. ಯಾರೇ ಆಗಲಿ, ಕಾಯಲೇಬೇಕು. ಇನ್ನು ಮಿಲಿಟರಿ ಹೋಟೆಲುಗಳು! ಮುದ್ದೆ ಮುರಿದು ಸಾರಿಗೆ ಅದ್ದೋ ಜಾಗದಲ್ಲಿ ಪಂಚೆಯವರೇ ಯಜಮಾನರು. "ಅಣ್ಣಾ, ಇನ್ನೊಂದು ಮುದ್ದೆ?" ಅಂತ ಕೇಳೋ ದನಿಯಲ್ಲೇ ಅರ್ಧ ಹೊಟ್ಟೆ ತುಂಬುತ್ತೆ.

ಮತ್ತೆ ತಮಾಷೆ ನೋಡಿ. ನಮಗೆ ಆ ದೋಸೆ ಸಿಕ್ಕ ಅದೇ 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಅಂತ ಒಂದು ಹೋಟೆಲು ಶುರುವಾಗಿತ್ತು. ಮೊದಲು ದುಡ್ಡು ಕೊಡಿ, ಚೀಟಿ ತಗೊಳ್ಳಿ, ತಿಂಡಿ ನೀವೇ ಈಸ್ಕೊಳ್ಳಿ, ನಿಂತೇ ತಿನ್ನಿ. ಸಪ್ಲೈಯರೂ ಇಲ್ಲ, ಟಿಪ್ಸೂ ಇಲ್ಲ. ಆಮೇಲೆ ಬೆಂಗಳೂರಿನ ಬೀದಿ ಬೀದಿಯಲ್ಲಿ ದರ್ಶಿನಿಗಳು ಎದ್ದವು. ತೊಂಬತ್ತರ ದಶಕದಲ್ಲಿ ಒಂದು ದಿನ ಅಪ್ಪನನ್ನು ಬಲವಂತ ಮಾಡಿ ಅಂಥದ್ದೊಂದಕ್ಕೆ ಕರೆದುಕೊಂಡು ಹೋದೆ. ಚೀಟಿ ಅವರ ಕೈಗೇ ಕೊಟ್ಟೆ. ಸೂಟು ಹಾಕಿದವರೊಬ್ಬರ ಹಿಂದೆ ಸಾಲಿನಲ್ಲಿ ನಿಂತರು. ಆ ಸೂಟಿಗೆ ಬಿದ್ದದ್ದೇ ಹೆಂಚಿನ ದೋಸೆ ಈ ಪಂಚೆಗೂ ಬಿತ್ತು. ಗರಿಗರಿ! ಅಪ್ಪ ಅಂದರು: "ಈ ಚೀಟಿಗೆ ಕಣ್ಣಿಲ್ಲ ಕಣೋ. ಅದಕ್ಕೇ ಸರಿಯಾಗಿ ಕೆಲಸ ಮಾಡುತ್ತೆ!"

ಆದರೆ ದರ್ಶಿನಿಯಲ್ಲೂ ಒಂದು ಹುಳುಕು. ಸಮಾನತೆ ಕೊಟ್ಟು ಕುರ್ಚಿ ಕಿತ್ತುಕೊಂಡಿತು! ಅಪ್ಪನ ಮಂಡಿ ಅಷ್ಟೊತ್ತಿಗೆ ಹೋಗಿತ್ತು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ಎತ್ತರದ ಆ ಮೇಜಿನ ಮೇಲೆ ಊರಿ ತಿಂದು ಮುಗಿಸಿದರು. ಕೂರಿಸಿದ ಕಡೆ ಮರ್ಯಾದೆ ಇಲ್ಲ, ಮರ್ಯಾದೆ ಇರೋ ಕಡೆ ಕೂರೋ ಹಾಗಿಲ್ಲ... ಹೆಂಗಿದೆ ನ್ಯಾಯ?

ಇದೆಲ್ಲ ಹಳೇ ರೀಲು, ಈಗ್ಯಾಕೆ ಓಡಿಸ್ತೀಯಾ ಅನ್ನಬೇಡಿ. 2024ರ ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ ಟಿಕೆಟ್ ಇದ್ದ ರೈತರೊಬ್ಬರನ್ನು ಬಟ್ಟೆ ಕೊಳೆ ಅಂತ ತಡೆದರು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರನ್ನು ಪಂಚೆ ಉಟ್ಟಿದ್ದಕ್ಕೆ ಒಳಗೆ ಬಿಡಲಿಲ್ಲ. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಮಗ, ಅಪ್ಪ, ಸಿನಿಮಾ, ಪಂಚೆ! ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1950ರಿಂದ ಜಾರಿಯಲ್ಲಿರೋ ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಒಂದು ಮಾತಿದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ ಇವನ್ನು ನೋಡಿ ಯಾರನ್ನೂ ಅಂಗಡಿ, ಹೋಟೆಲು, ಮನರಂಜನೆಯ ಸ್ಥಳಗಳಿಂದ ತಡೆಯೋ ಹಾಗಿಲ್ಲ ಅಂತ. ಹೋಟೆಲೂ ಸಿನಿಮಾ ಮಂದಿರವೂ ಒಂದೇ ಸಾಲಿಗೆ ಸೇರುತ್ತೆ, ನೋಡಿ! ಬಟ್ಟೆ ಅನ್ನೋ ಪದ ಅಲ್ಲಿಲ್ಲ. ಆದರೆ ಬಟ್ಟೆ ನೋಡೋ ಕಣ್ಣು ಅದರ ಹಿಂದೆ ಏನು ಹುಡುಕ್ತಿರುತ್ತೆ ಅಂತ ನಮಗೆ ಗೊತ್ತಿಲ್ಲವೆ?

ಅಪ್ಪ ಈಗ ಇಲ್ಲ. ಕಪಾಲಿ ಥಿಯೇಟರೂ ಇಲ್ಲ. ನಮ್ಮ ಊರಿನ ದಾರಿಯಲ್ಲಿ ವಿಮಾನ ನಿಲ್ದಾಣ ಬಂದು, ಅಲ್ಲಿ 2022ರಿಂದ ಕೆಂಪೇಗೌಡರು 108 ಅಡಿ ಎತ್ತರ ನಿಂತಿದ್ದಾರೆ. ಅವರ ಊರಿನಲ್ಲಿ ಹಸಿದು ಬಂದವನಿಗೆ ಒಂದು ಕುರ್ಚಿ, ಒಂದು ಲೋಟ ನೀರು ಸಿಕ್ಕರೆ ಅದೇ ಅವರಿಗೆ ದೊಡ್ಡ ಹಾರ.

ಮೆಟ್ರೋದಲ್ಲಿ ಆ ರೈತರ ಪರವಾಗಿ ಮೊದಲು ದನಿ ಎತ್ತಿದ್ದು ಸಹಪ್ರಯಾಣಿಕರು, ನಿಮ್ಮ ನಮ್ಮಂಥವರು. ಆದ್ದರಿಂದ ಗೆಳೆಯರೇ, ಮುಂದಿನ ಶುಕ್ರವಾರ ಹೊಸ ಪಿಕ್ಚರ್ ನೋಡಿ ಹಸಿದು ಹೋಟೆಲಿಗೆ ನುಗ್ಗುತ್ತೀರಲ್ಲ, ಸುತ್ತ ಒಮ್ಮೆ ಕಣ್ಣು ಹಾಯಿಸಿ. ಪಂಚೆ ಉಟ್ಟ ಹಿರಿಯರೊಬ್ಬರು ತಟ್ಟೆ ಹಿಡಿದು ಜಾಗ ಹುಡುಕ್ತಾ ನಿಂತಿದ್ದರೆ, "ಬನ್ನಿ ಯಜಮಾನ್ರೇ, ಇಲ್ಲಿ ಕೂತ್ಕಳಿ" ಅಂತ ಎದ್ದು ಜಾಗ ಬಿಡಿ. ತಟ್ಟೆ ಎತ್ತೋ ಹುಡುಗನಿಗೂ ಒಂದು ಒಳ್ಳೇ ಮಾತು ಹೇಳಿ. ಅವನ ಕಾಲೂ ಊದಿರಬಹುದು.