ಇನ್ನೂರು ಮೀಟರಿನ ತಂತಿ

ಜತ್ತ ತಾಲೂಕಿನ ದಾಳಿಂಬೆ ತೋಟವೊಂದರಲ್ಲಿ ಎರಡು ಬೇಸಿಗೆಗಳೊಳಗೆ ಮೂರು ಸಲ ಕೊಳವೆಬಾವಿಯ ಮೋಟಾರು ಸುಟ್ಟಿತು. ಮೊದಲ ಸಲ ಯಜಮಾನರು ವಿದ್ಯುತ್ತನ್ನು ಶಪಿಸಿದರು, ಎರಡನೆಯ ಸಲ ರಿವೈಂಡಿಂಗ್ ಮಾಡಿದವನನ್ನು. ಮೂರನೆಯ ಸಲ ಶಪಿಸಲು ಯಾರೂ ಉಳಿದಿರಲಿಲ್ಲ. ಮೋಟಾರು ಮೇಲೆತ್ತುವ ಕೂಲಿ, ರಿವೈಂಡಿಂಗ್ ಖರ್ಚು, ನೀರಿಲ್ಲದೆ ಉದುರಿದ ಹೂವು, ಮೂರೂ ಸಾಲದ ಪುಸ್ತಕ ಸೇರಿದವು.

ಮಗಳು ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಕನ್ನಡದಲ್ಲಿ ವಿಜ್ಞಾನ ಓದಿ ಮುಂದೇನು ಎಂಬ ಮಾತು ಮನೆಯಲ್ಲಿ ಆಗಾಗ ಏಳುತ್ತಿತ್ತು. ವಿದ್ಯುತ್ತಿನ ಪಾಠ ನಡೆಯುತ್ತಿದ್ದ ದಿನಗಳಲ್ಲಿ ಅವಳು ಕೇಳಿದಳು: “ಅಪ್ಪಾ, ಮೋಟಾರಿನಿಂದ ಸ್ಟಾರ್ಟರ್‌ತನಕ ವಾಯರ್ ಎಷ್ಟು ಉದ್ದ ಐತಿ?”

“ಬೋರಿನಾಗ ನೂರಾಇಪ್ಪತ್ತು ಮೀಟರ್, ಮ್ಯಾಲ ಎಂಬತ್ತು. ಯಾಕವಾ?”

ಮೋಟಾರು ಏಳೂವರೆ ಎಚ್.ಪಿ.; ಎಳೆಯುವ ಪ್ರವಾಹ ಸುಮಾರು 15 ಆಂಪಿಯರ್. ತಂತಿ 2.5 ಚದರ ಮಿಲಿಮೀಟರಿನ ತಾಮ್ರ. ಇಷ್ಟು ಪ್ರವಾಹವನ್ನು ಅದು ತಾಳುತ್ತದೆಂದು ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಆದರೆ ತಾಳುವುದು ಬೇರೆ, ತಲುಪಿಸುವುದು ಬೇರೆ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.0175 ಓಮ್ ರೋಧವಿರುತ್ತದೆ. ಉದ್ದ ಹೆಚ್ಚಿದಂತೆ ರೋಧ ಹೆಚ್ಚುತ್ತದೆ, ದಪ್ಪ ಹೆಚ್ಚಿದಂತೆ ತಗ್ಗುತ್ತದೆ. ಇನ್ನೂರು ಮೀಟರಿಗೆ ಲೆಕ್ಕ 1.4 ಓಮ್ ಆಯಿತು. ಅದನ್ನು 15ರಿಂದಲೂ ಮೂರು ಫೇಸಿನ ಸಲುವಾಗಿ 1.73ರಿಂದಲೂ ಗುಣಿಸಿದಾಗ 36 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು. ಸ್ಟಾರ್ಟರಿನಲ್ಲಿ 415ರ ಬದಲು 380 ವೋಲ್ಟ್ ಇದ್ದ ದಿನ ಮೋಟಾರಿಗೆ ಮುಟ್ಟುತ್ತಿದ್ದುದು 344. ವೋಲ್ಟೇಜು ಕುಸಿದರೂ ನೀರೆತ್ತುವ ಹೊರೆ ಕುಸಿಯದು. ಮೋಟಾರು ಹೆಚ್ಚು ಪ್ರವಾಹ ಎಳೆದು ಒಳಗೊಳಗೇ ಕಾಯುತ್ತದೆ.

6 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ 15 ವೋಲ್ಟಿಗೆ ಇಳಿಯುತ್ತದೆ. ಅದರಲ್ಲಿರುವ ತಾಮ್ರ ಎರಡು ಪಟ್ಟಿಗೂ ಹೆಚ್ಚು, ಬೆಲೆಯೂ ಹಾಗೆಯೇ. ಅಪ್ಪ ರಾತ್ರಿಯೆಲ್ಲ ಯೋಚಿಸಿ, ಮೂರು ರಿವೈಂಡಿಂಗಿನ ಚೀಟಿಗಳನ್ನು ಕೂಡಿಸಿ ನೋಡಿ, ಬೆಳಗ್ಗೆ ಪೇಟೆಗೆ ಹೊರಟರು. ಐ.ಎಸ್.ಐ. ಗುರುತು, ತಂತಿಯ ಮೇಲೆ ಮುದ್ರಿತವಾದ ಅಳತೆ, ಪಕ್ಕಾ ಬಿಲ್ಲು, ಈ ಮೂರನ್ನೂ ಕೇಳಿ ಪಡೆದರು. ನಾಳೆ ತಕರಾರು ಎದ್ದರೆ ಬಾಯಿಮಾತಿಗಿಂತ ಬಿಲ್ಲಿಗೆ ಬೆಲೆ ಹೆಚ್ಚು.

ಜೋಡಿಸಲು ಪರವಾನಗಿಯುಳ್ಳ ವಾಯರಮನ್ ಬಂದರು. ದಪ್ಪ ತಂತಿ ತಂದು ಜೋಡಣೆಯಲ್ಲಿ ಕೆಡಿಸುವವರೇ ಬಹಳ. ಹಿಂದಿನವನು ಸ್ಟಾರ್ಟರಿನ ತೂತಿನಲ್ಲಿ ಹಿಡಿಯಲಿಲ್ಲವೆಂದು ತಂತಿಯ ಕೆಲವು ಎಳೆಗಳನ್ನು ಕತ್ತರಿಸಿಬಿಟ್ಟಿದ್ದ. ಪ್ರವಾಹ ಉಳಿದ ಎಳೆಗಳಲ್ಲೇ ನುಸುಳಬೇಕಾಗಿ ಆ ಬಾಯಿ ಕಪ್ಪಗಾಗಿತ್ತು. ಈತ ಅಳತೆಗೆ ತಕ್ಕ ತಾಮ್ರದ ಲಗ್ ಹಾಕಿ ಒತ್ತುಯಂತ್ರದಿಂದ ಬಿಗಿದರು. ಕಂಬದಿಂದ ಇಳಿದ ಅಲ್ಯೂಮಿನಿಯಂ ತಂತಿಗೆ ತಾಮ್ರವನ್ನು ನೇರವಾಗಿ ಹೊಸೆಯಲಿಲ್ಲ. ಅಂಥ ಜೋಡಣೆ ಕಾಲಕ್ರಮದಲ್ಲಿ ತುಕ್ಕು ಹಿಡಿದು ಕಾಯುತ್ತದೆಂದು ಎರಡು ಲೋಹದ ಲಗ್ ಬಳಸಿದರು. ಮಿಕ್ಕ ಕೇಬಲನ್ನು ಸುರುಳಿ ಸುತ್ತಿ ಪೆಟ್ಟಿಗೆಯ ಹಿಂದೆ ತುರುಕಲೂ ಬಿಡಲಿಲ್ಲ. ಸುರುಳಿಯಲ್ಲಿ ಬಿಸಿ ಹೊರಹೋಗದು. ಅರ್ತಿಂಗ್ ತಂತಿಯನ್ನೂ ಹೊಸದಾಗಿ ಎಳೆದರು.

ಮೋಟಾರು ಶುರುವಾದಾಗ ವಾಯರಮನ್ ಮೂರು ಫೇಸುಗಳ ಪ್ರವಾಹವನ್ನೂ ಅಳೆದು ಹುಡುಗಿಯ ನೋಟ್‌ಬುಕ್ಕಿನಲ್ಲೇ ಬರೆಸಿದರು. ಹದಿನೈದು ದಿನದ ಮೇಲೆ ಕರೆಂಟು ತೆಗೆದು ತಿರುಪುಗಳನ್ನು ಮತ್ತೆ ಬಿಗಿಯಬೇಕೆಂದರು. ಆ ತಾರೀಖನ್ನೂ ಅವಳೇ ಕೆಳಗೆ ಬರೆದುಕೊಂಡಳು.