ಅಳಿಸಿಹಾಕಿದ ಬೆಳಕು

ನಕ್ಷತ್ರಗಳ ಫೋಟೊ ತೆಗೆಯುವುದು ದುಡ್ಡಿದ್ದವರ ಹವ್ಯಾಸ ಎಂದು ನಾನು ಬಹಳ ಕಾಲ ನಂಬಿದ್ದೆ. ನನ್ನ ಪಾಡಿಗೆ ನಂಬಿಕೊಂಡು ಸುಮ್ಮನಿದ್ದಿದ್ದರೆ ನಷ್ಟ ನನ್ನೊಬ್ಬನದೇ ಆಗುತ್ತಿತ್ತು. ಆದರೆ ಆ ಮಾತನ್ನು ಮಕ್ಕಳ ಗುಂಪಿನ ಎದುರು ಆಡಿಬಿಟ್ಟೆ. ಇವತ್ತಿಗೂ ನನ್ನನ್ನು ಚುಚ್ಚುವುದು ಕೆಟ್ಟುಹೋದ ಫೋಟೊಗಳಲ್ಲ, ಆ ಮಾತು.

ಆಗ ನನ್ನ ಹತ್ತಿರ ಇದ್ದದ್ದು ಸಹೋದ್ಯೋಗಿಯೊಬ್ಬರಿಂದ ಕೊಂಡ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ, ಒಂದು 50 ಮಿ.ಮೀ. ಲೆನ್ಸು, ಗಾಳಿ ಬಂದರೆ ಅಲುಗಾಡುವ ಹಗುರ ಟ್ರೈಪಾಡು. ಬೆಂಗಳೂರಿನ ತಾರಸಿಯಿಂದ ಎಣಿಸಿದಷ್ಟು ನಕ್ಷತ್ರ ಮಾತ್ರ ಕಾಣುತ್ತವೆ. ಹಾಗಾಗಿ ಶಿವರಾತ್ರಿಗೆ ಹಿರಿಯೂರು ಕಡೆಯ ಅಕ್ಕನ ಊರಿಗೆ ಹೊರಟೆ. ದಿನ ಆರಿಸಿಕೊಂಡದ್ದರಲ್ಲಿ ತಪ್ಪಿರಲಿಲ್ಲ. ಶಿವರಾತ್ರಿ ಬರುವುದು ಬಹುಳ ಚತುರ್ದಶಿಯಂದು, ಅಮಾವಾಸ್ಯೆಗೆ ಮುಂಚೆ. ಚಂದ್ರ ಹುಟ್ಟುವ ಹೊತ್ತಿಗೆ ಬೆಳಗಾಗುತ್ತಿರುತ್ತದೆ. ಆ ಕಾಲಕ್ಕೆ ಬಯಲುಸೀಮೆಯ ಗಾಳಿಯೂ ಒಣಗಿರುತ್ತದೆ, ಮೋಡದ ಕಾಟ ಕಡಿಮೆ. ಜಾಗರಣೆಯ ರಾತ್ರಿಯಾದ್ದರಿಂದ ಮಕ್ಕಳನ್ನು ಮಲಗು ಎನ್ನುವವರೂ ಇರುವುದಿಲ್ಲ.

ಅಕ್ಕನ ಮಗಳು ತನ್ನ ಶಾಲೆಯ ಗೆಳತಿಯರನ್ನೆಲ್ಲ ಕರೆದುಕೊಂಡು ಹೊಲದ ಬದುವಿಗೆ ಬಂದಳು. ಮಹಾವ್ಯಾಧ, ಅಂದರೆ ಒರಾಯನ್ ನಕ್ಷತ್ರಪುಂಜ, ನೆತ್ತಿಯ ಹತ್ತಿರವೇ ಇತ್ತು. ಅದರ ಭುಜದಲ್ಲಿ ಕೆಂಪಗೆ ಕಾಣುವ ನಕ್ಷತ್ರವೇ ಆರ್ದ್ರಾ ಎಂದೆ. 'ಆರಿದ್ರೆ ಮಳೆ ಅಂತೀವಲ್ಲ, ಅದೇನಾ?' ಎಂದು ಒಬ್ಬಳು ಕೇಳಿದಳು. ಅದೇ. ಜೂನ್ ಕೊನೆಯ ಹೊತ್ತಿಗೆ ಸೂರ್ಯ ಆ ನಕ್ಷತ್ರದ ದಿಕ್ಕಿಗೆ ಬರುವುದರಿಂದ ಆಗಿನ ಮಳೆಗೆ ಆ ಹೆಸರು. ಮಕ್ಕಳ ಕಣ್ಣು ಅರಳಿತು. ಆ ಉತ್ಸಾಹದಲ್ಲೇ ಫೋನು ತೆಗೆದು ಹಬಲ್ ದೂರದರ್ಶಕದ ಬಣ್ಣದ ಚಿತ್ರ ತೋರಿಸಿದೆ. ವ್ಯಾಧನ ಸೊಂಟಪಟ್ಟಿಯ ಕೆಳಗೆ ಕತ್ತಿಯಂತೆ ಇಳಿಬಿದ್ದ ಚುಕ್ಕೆಗಳ ನಡುವೆ ಇರುವ ನೀಹಾರಿಕೆ ಅದು. 'ಇವತ್ತು ಇದನ್ನ ನಾವೇ ತೆಗೆಯೋಣ' ಎಂದೆ.

ಮೊದಲ ಚಿತ್ರಕ್ಕೆ 30 ಸೆಕೆಂಡು ಇಟ್ಟೆ. ನಕ್ಷತ್ರಗಳೆಲ್ಲ ಗೆರೆಗಳಾಗಿ ಬಂದವು. ಟ್ರೈಪಾಡು ಅಲುಗಾಡಿರಬೇಕೆಂದು ಅದಕ್ಕೆ ಕಲ್ಲು ತುಂಬಿದ ಚೀಲ ಕಟ್ಟಿ ಮತ್ತೆ ತೆಗೆದೆ. ಮತ್ತೆ ಗೆರೆ. ಅಲುಗಾಡುತ್ತಿದ್ದದ್ದು ಟ್ರೈಪಾಡಲ್ಲ, ತಿರುಗುತ್ತಿದ್ದದ್ದು ಭೂಮಿ. ಗಂಟೆಗೆ 15 ಡಿಗ್ರಿಯ ಲೆಕ್ಕದಲ್ಲಿ, 30 ಸೆಕೆಂಡಿಗೆ ವ್ಯಾಧನ ಪಟ್ಟಿಯ ನಕ್ಷತ್ರಗಳು ಚಂದ್ರನ ಅಗಲದ ಕಾಲು ಭಾಗದಷ್ಟು ಸರಿದಿರುತ್ತವೆ. ಇದಕ್ಕೊಂದು ಒರಟು ಲೆಕ್ಕವಿದೆ. 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಬೇಕು. ನನ್ನದರಂಥ ಚಿಕ್ಕ ಸೆನ್ಸರಿನ ಕ್ಯಾಮೆರಾ ಆದರೆ 50ನ್ನು ಮೊದಲು 1.6ರಿಂದ ಗುಣಿಸಿಕೊಳ್ಳಬೇಕು. ಆಗ ಸಿಗುವುದು ಆರು ಸೆಕೆಂಡು ಚಿಲ್ಲರೆ. ಅದಕ್ಕಿಂತ ಹೆಚ್ಚು ಹೊತ್ತು ಶಟರ್ ತೆರೆದಿಟ್ಟರೆ ಚುಕ್ಕೆ ಗೆರೆಯಾಗುತ್ತದೆ.

ಆ ಲೆಕ್ಕ ಗೊತ್ತಿಲ್ಲದಿದ್ದರೂ ಸಮಯ ತಗ್ಗಿಸುತ್ತಾ ತಗ್ಗಿಸುತ್ತಾ ಐದು ಸೆಕೆಂಡಿಗೆ ಬಂದೆ. ನಕ್ಷತ್ರಗಳು ಚುಕ್ಕೆಯಾದವು. ಆದರೆ ಉಳಿದದ್ದೆಲ್ಲ ಕಪ್ಪು. ನೀಹಾರಿಕೆ ಇರಬೇಕಾದ ಜಾಗದಲ್ಲಿ ಬೂದುಬಣ್ಣದ ಸಣ್ಣ ಮಸುಕು, ಸುತ್ತ ಬಣ್ಣಬಣ್ಣದ ಕಾಳುಕಾಳು. ಐಎಸ್‌ಒ ಏರಿಸಿದರೆ ಕಾಳು ಇನ್ನೂ ಎದ್ದು ಕಾಣುತ್ತಿತ್ತು. ಮುಂದಿನದರಲ್ಲಿ ಬಂದೀತು, ಅದರ ಮುಂದಿನದರಲ್ಲಿ ಬಂದೀತು ಎಂದು ಒಂದರ ಹಿಂದೆ ಒಂದು ತೆಗೆಯುತ್ತಾ ಹೋದೆ. 'ಬಣ್ಣ ಎಲ್ಲಿ ಮಾಮ?' ಎಂದು ಅಕ್ಕನ ಮಗಳು ಕೇಳಿದಾಗ ನನ್ನ ಮುಖ ಬಿಸಿಯಾಯಿತು.

'ಇಂಥ ಸಾಮಾನಲ್ಲಿ ಇದೆಲ್ಲ ಆಗಲ್ಲ ಪುಟ್ಟಿ. ಲಕ್ಷಗಟ್ಟಲೆ ಸುರೀಬೇಕು.'

ಅವಳು ಅಷ್ಟರಲ್ಲಿ ಅಪ್ಪನ ಫೋನನ್ನು ಎರಡು ಕಲ್ಲುಗಳ ನಡುವೆ ಆಕಾಶಕ್ಕೆ ಮುಖಮಾಡಿ ಒರಗಿಸಿದ್ದಳು. 'ಇದರಲ್ಲಿ ಬರುತ್ತಾ?' ಎಂದಳು. 'ಕ್ಯಾಮೆರಾದಲ್ಲೇ ಬರದಿದ್ದು ಫೋನಲ್ಲಿ ಎಲ್ಲಿಂದ ಬರುತ್ತೆ?' ಎಂದೆ. ಅವಳು ಕಲ್ಲುಗಳ ನಡುವಿಂದ ಫೋನು ತೆಗೆದುಕೊಂಡಳು. ಮಕ್ಕಳೆಲ್ಲ ಭಜನೆ ನಡೆಯುತ್ತಿದ್ದ ಗುಡಿಯ ಕಡೆ ಹೋದರು. ಬದುವಿನ ಮೇಲೆ ಒಬ್ಬನೇ ಕೂತು ಕಾರ್ಡಿನಲ್ಲಿದ್ದ ಚಿತ್ರಗಳನ್ನೆಲ್ಲ ಅಳಿಸಿಹಾಕಿದೆ. ನಾಚಿಕೆಯ ಗುರುತು ಉಳಿಯಬಾರದು ಅನ್ನುವುದಷ್ಟೇ ಆಗ ತಲೆಯಲ್ಲಿತ್ತು.

ಬೆಂಗಳೂರಿಗೆ ಬಂದವನೇ ಕಂತಿನ ಮೇಲೆ ಒಂದು ಸಣ್ಣ ನ್ಯೂಟೋನಿಯನ್ ದೂರದರ್ಶಕ ಕೊಂಡೆ. ಕಣ್ಣಿಟ್ಟು ನೋಡಿದರೆ ಶನಿಯ ಬಳೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಕ್ಯಾಮೆರಾ ಸಿಕ್ಕಿಸಿದರೆ ಏನು ಮಾಡಿದರೂ ಫೋಕಸ್ ಆಗದು. ಕಣ್ಣಿಂದ ನೋಡಲೆಂದೇ ಮಾಡಿದ ಇಂಥ ಅನೇಕ ಕೊಳವೆಗಳಲ್ಲಿ ಬಿಂಬ ಮೂಡುವ ಜಾಗದವರೆಗೆ ಕ್ಯಾಮೆರಾದ ಸೆನ್ಸರ್ ತಲುಪುವುದೇ ಇಲ್ಲ. ಕಂತು ಕಟ್ಟುತ್ತಲೇ ಇದನ್ನು ಕಲಿತೆ. ಹಳೆಯ ಸಾಮಾನು ಸಾಲದು ಎಂದು ಹೊಸದು ತಂದರೆ, ಹೊಸದಕ್ಕೆ ಇನ್ನೊಂದು ಬೇಕಾಯಿತು.

ಆಕಾಶ ವೀಕ್ಷಕರ ಕೂಟವೊಂದರಲ್ಲಿ ಹಿರಿಯರೊಬ್ಬರ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಅವರು ದೂರದರ್ಶಕದ ಮಾತೇ ಎತ್ತಲಿಲ್ಲ. 'ಆ ಐದು ಸೆಕೆಂಡಿನ ಚಿತ್ರಗಳು ಇದ್ದಾವಾ?' ಎಂದರು. ಅಳಿಸಿದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದರೊಳಗೆ ನೀಹಾರಿಕೆ ಇತ್ತಲ್ರೀ' ಎಂದರು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಐದು ಸೆಕೆಂಡಿನ ಒಂದು ಚಿತ್ರದಲ್ಲಿ ನೀಹಾರಿಕೆಯ ಬೆಳಕು ಬಿದ್ದಿರುತ್ತದೆ, ಆದರೆ ಕಾಳುಕಾಳಾದ ಗದ್ದಲದಲ್ಲಿ ಮುಚ್ಚಿಹೋಗಿರುತ್ತದೆ. ಅಂಥ ನೂರು ಚಿತ್ರಗಳನ್ನು ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಕೂಡಿಸಿದರೆ ಬೆಳಕು ನೂರು ಪಟ್ಟಾಗುತ್ತದೆ. ಗದ್ದಲ ಪ್ರತಿ ಸಲವೂ ಬೇರೆ ಬೇರೆ ಕಡೆ ಬೀಳುವುದರಿಂದ ಹತ್ತು ಪಟ್ಟು ಮಾತ್ರ ಹೆಚ್ಚುತ್ತದೆ. ಭಜನೆಯಲ್ಲಿ ಎಲ್ಲರೂ ಒಂದೇ ಸಾಲು ಹಾಡುವಾಗ ಒಬ್ಬೊಬ್ಬರ ಕೆಮ್ಮು ಕೇಳಿಸದೆ ಸಾಲು ಮಾತ್ರ ಕೇಳುವ ಹಾಗೆ. ಕೂಡಿಸುವ ಕೆಲಸಕ್ಕೆ ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ತಂತ್ರಾಂಶಗಳಿವೆ, ಎರಡೂ ಪುಕ್ಕಟೆ. ಈಗಿನ ಎಷ್ಟೋ ಫೋನುಗಳ ನೈಟ್ ಮೋಡ್ ಕೂಡ ಒಳಗೊಳಗೇ ಹಲವು ಚಿತ್ರಗಳನ್ನು ಕೂಡಿಸಿಯೇ ಕೊಡುತ್ತದೆ. ಇದನ್ನು ಕೇಳಿದಾಗ ಎರಡು ಕಲ್ಲುಗಳ ನಡುವೆ ಒರಗಿದ್ದ ಆ ಫೋನು ನೆನಪಾಗಿ ಸಂಕಟವಾಯಿತು.

ಮೊದಲಿಂದಲೂ ಈ ಕಲೆ ನಡೆದುಬಂದಿರುವುದು ಬೆಳಕನ್ನು ಕೂಡಿಡುವ ದಾರಿಯಲ್ಲೇ. ಇದೇ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು ಅಮೆರಿಕದ ಹೆನ್ರಿ ಡ್ರೇಪರ್ ತೆಗೆದದ್ದು 1880ರ ಸೆಪ್ಟೆಂಬರ್ 30ರಂದು. ಸುಮಾರು 50 ನಿಮಿಷ ಬೆಳಕು ಬೀಳಿಸಿದ ಮೇಲೆ ಅದು ಮೂಡಿತು. 1883ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಕಾಮನ್ ತೆಗೆದ ಚಿತ್ರದಲ್ಲಿ, ಅದೇ ದೂರದರ್ಶಕಕ್ಕೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಕಂಡವು. ಕಣ್ಣು ಬೆಳಕನ್ನು ಕೂಡಿಡಲಾರದು, ಛಾಯಾಫಲಕ ಕೂಡಿಡಬಲ್ಲದು. ನನ್ನ ಹಳೇ ಕ್ಯಾಮೆರಾ ಆ ರಾತ್ರಿ ಅದನ್ನೇ ಮಾಡುತ್ತಿತ್ತು. ನೀಹಾರಿಕೆ ಇರುವುದು ಸುಮಾರು 1,350 ಬೆಳಕಿನ ವರ್ಷ ದೂರದಲ್ಲಿ. ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲದಲ್ಲಿ ಹೊರಟ ಬೆಳಕು ಹಿರಿಯೂರಿನ ಹೊಲದವರೆಗೆ ಬಂದು ಕಾರ್ಡಿನೊಳಗೆ ಕೂತಿತ್ತು. ಒಂದೊಂದು ಚಿತ್ರವನ್ನೂ ಬಿಡಿಬಿಡಿಯಾಗಿ ನೋಡಿ, ಇದರಲ್ಲೇನೂ ಇಲ್ಲ ಎಂದು ತೀರ್ಪು ಕೊಟ್ಟವನು ನಾನು.

ಮರುವರ್ಷದ ಚಳಿಗಾಲದಲ್ಲಿ ಅಮಾವಾಸ್ಯೆ ನೋಡಿಕೊಂಡು ಅದೇ ಸಾಮಾನಿನೊಂದಿಗೆ ಊರಿಗೆ ಹೋದೆ. ಮೊದಲು ಅಕ್ಕನ ಮಗಳನ್ನು ಕೂರಿಸಿಕೊಂಡು, 'ಅವತ್ತು ನಾನು ಹೇಳಿದ್ದು ತಪ್ಪು. ಕ್ಯಾಮೆರಾ ಸರಿಯಾಗೇ ಇತ್ತು, ನನಗೇ ಗೊತ್ತಿರಲಿಲ್ಲ' ಎಂದೆ. ಅವಳು ಯೋಚಿಸಿ, 'ಹಂಗಾದ್ರೆ ಈ ಸಲ ಒಂದೂ ಅಳಿಸಬೇಡ' ಎಂದಳು. ಲುಬ್ಧಕ ನಕ್ಷತ್ರವನ್ನು ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ, ಅದು ಅತಿ ಚಿಕ್ಕ ಚುಕ್ಕೆಯಾಗುವವರೆಗೆ ಫೋಕಸ್ ತಿರುಗಿಸಿದವಳು ಅವಳೇ. ರಿಂಗು ಜರುಗದಂತೆ ಟೇಪು ಅಂಟಿಸಿದೆವು. ಕೈ ತಾಗಿ ಅಲುಗಾಡದಿರಲೆಂದು ಎರಡು ಸೆಕೆಂಡಿನ ಟೈಮರ್ ಇಟ್ಟೆವು. ರಾ ಫೈಲಿನಲ್ಲೇ ಉಳಿಸಿದೆವು. ಕೊನೆಗೆ ಲೆನ್ಸಿನ ಮುಚ್ಚಳ ಹಾಕಿ ಅಷ್ಟೇ ಸೆಕೆಂಡಿನ ಕೆಲವು ಕತ್ತಲೆ ಚಿತ್ರಗಳನ್ನೂ ತೆಗೆದೆವು. ಸೆನ್ಸರ್ ತಾನಾಗಿ ಹುಟ್ಟಿಸುವ ಕಲೆಗಳನ್ನು ಕಳೆಯಲು ಅವು ಬೇಕು. ಲ್ಯಾಪ್‌ಟಾಪಿನಲ್ಲಿ ಎಲ್ಲ ಕೂಡಿ ಬಂದ ಚಿತ್ರದಲ್ಲಿ ರೆಕ್ಕೆ ಬಿಚ್ಚಿದ ಗುಲಾಬಿ ಬಣ್ಣದ ಮೋಡವಿತ್ತು. ಹಬಲ್ ಚಿತ್ರದ ಹತ್ತಿರಕ್ಕೂ ಬರುವಂಥದ್ದಲ್ಲ, ಆದರೆ ನಾವೇ ತೆಗೆದದ್ದು. ಅವಳ ಗೆಳತಿಯರಲ್ಲಿ ಕೆಲವರು ಮಾತ್ರ ನೋಡಲು ಬಂದರು. ಉಳಿದವರಿಗೆ ನನ್ನ ಹಳೆಯ ಮಾತೇ ಸಾಕಾಗಿತ್ತೇನೋ.

ಸಣ್ಣ ಸಾಮಾನಿಗೆ ಮಿತಿ ಇಲ್ಲವೆಂದಲ್ಲ. 50 ಮಿ.ಮೀ. ಲೆನ್ಸಿನಲ್ಲಿ ಶನಿಯ ಬಳೆ ಕಾಣುವುದಿಲ್ಲ, ದೂರದ ಗೆಲಾಕ್ಸಿಗಳು ಚುಕ್ಕೆಗಿಂತ ದೊಡ್ಡದಾಗುವುದಿಲ್ಲ. ಅಂಥದ್ದನ್ನು ಮಕ್ಕಳು ಕೇಳಿದರೆ ಇದರಲ್ಲಿ ಆಗಲ್ಲ ಎಂದು ಈಗಲೂ ನೇರವಾಗಿ ಹೇಳುತ್ತೇನೆ, ಯಾಕೆ ಆಗಲ್ಲ ಎಂಬ ಲೆಕ್ಕವನ್ನೂ ಜೊತೆಗೇ ಕೊಡುತ್ತೇನೆ. ಸಾಲದು ಎನ್ನುವ ಹಕ್ಕು ಇರುವುದು ಕೈಲಿರುವುದನ್ನೆಲ್ಲ ಕೂಡಿಸಿ ನೋಡಿದವರಿಗೆ. ಆ ಶಿವರಾತ್ರಿಯಂದು ನಾನಿನ್ನೂ ಕೂಡಿಸಿಯೇ ಇರಲಿಲ್ಲ.