ಒಲ್ಲೆ

ಕಳೆದ ಬೇಸಗೆಯ ರಜೆಯಲ್ಲಿ ಅಕ್ಕನ ಮಗಳು ತೆಲಸಂಗದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಸ್ಪ್ಯಾನಿಷ್ ಪಾಠವನ್ನು ಉರುಹೊಡೆಯುತ್ತಿದ್ದಳು. “ಕಿಯೆರೊ, ಕಿಯೆರೆಸ್, ಕಿಯೆರೆ” ಎಂದು ಮಗ್ಗಿಯಂತೆ ಹೇಳುತ್ತಿದ್ದುದನ್ನು ಕೇಳಿ ನಮ್ಮವ್ವ, “ಏನ ಮಂತ್ರ ಅದು?” ಎಂದಳು. ಮಂತ್ರವಲ್ಲ, ಬಯಸುತ್ತೇನೆ, ಬಯಸುತ್ತೀ, ಬಯಸುತ್ತಾನೆ ಎಂದು ಅದರ ಅರ್ಥ.

“ಮಾಮಾ, ಇಂಗ್ಲಿಷಿನ್ಯಾಗ ಇಷ್ಟು ತ್ರಾಸ ಇಲ್ಲ ನೋಡ್ರಿ. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಾಲ” ಎಂದು ಹುಡುಗಿ ದೂರಿದಳು.

ನಾನು ಕಾಲೇಜಿನ ಕನ್ನಡ ಮಾಸ್ತರ. ಬಾಲದ ಪರವಾಗಿ ವಕೀಲಿ ಮಾಡದೆ ಇರುವುದು ಹೇಗೆ? ಇಂಗ್ಲಿಷಿನ ‘ವಾಂಟ್’ ನನಗೂ ನಿನಗೂ ಅವರಿಗೂ ಒಂದೇ. ಅವನೋ ಅವಳೋ ಬಂದಾಗ ಮಾತ್ರ ಒಂದು ‘ಸ್’ ಅಂಟಿಕೊಳ್ಳುತ್ತದೆ. ಆದಕಾರಣ ಅಲ್ಲಿ ಕರ್ತೃವನ್ನು ಹೇಳದೆ ಗತಿಯಿಲ್ಲ. ಸ್ಪ್ಯಾನಿಷಿನಲ್ಲಿ ‘ಕಿಯೆರೊ’ ಎಂದರೆ ಸಾಕು, ‘ನಾನು’ ಅದರೊಳಗೇ ಇದೆ. ನಮ್ಮ ‘ಬಂದೆನು’ವೂ ಹಾಗೆಯೆ. ಇಂಗ್ಲಿಷರಿಗೆ ‘ನಾನು’ ಮೊದಲನೆಯ ಪುರುಷ; ನಮ್ಮ ವ್ಯಾಕರಣಕ್ಕೆ ‘ಅವನು, ಅವಳು’ ಪ್ರಥಮ ಪುರುಷ, ‘ನಾನು’ ಉತ್ತಮ ಪುರುಷ.

ಹೀಗೆ ಹೇಳುತ್ತಿರುವಾಗ ನನ್ನ ವಾದದಲ್ಲಿಯೆ ಒಂದು ತೂತು ಕಂಡಿತು. ಹೌದೆನ್ನುವಾಗ ಇರುವ ಬಾಲ ಇಲ್ಲವೆನ್ನುವಾಗ ಉದುರಿಹೋಗುತ್ತದೆ. ‘ಬರುತ್ತೇನೆ, ಬರುತ್ತಾಳೆ’ ಎಂದರೆ ಯಾರೆಂದು ತಿಳಿಯುತ್ತದೆ. ‘ಬರುವುದಿಲ್ಲ’ ಎಂದರೆ ಯಾರು? ನಾನೋ, ನೀನೋ, ಊರೋ? 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ ಬರೆದ ಕಾಲದ ಕನ್ನಡ ಹೀಗಿರಲಿಲ್ಲ. ಬಾರೆನು, ಬಾರಳು, ಬಾರರು ಎಂದು ನಿಷೇಧಕ್ಕೂ ಒಡೆಯರಿದ್ದರು.

ಆ ಹಳೆಯ ಮರದ ಒಂದು ಕೊಂಬೆ ನಮ್ಮ ಅಥಣಿ ಸೀಮೆಯಲ್ಲಿ ಇನ್ನೂ ಹಸಿರಾಗಿದೆ. ನಾ ಒಲ್ಲೆ, ನೀ ಒಲ್ಲಿ, ಅವ ಒಲ್ಲ, ಅಕಿ ಒಲ್ಲಳು, ಅವರು ಒಲ್ಲರು. ಕರು ಕೂಡ ಹುಲ್ಲು ಒಲ್ಲದು. ನೆರೆಯ ಮರಾಠಿಯಲ್ಲಿ ‘ಹೋಗುತ್ತೇನೆ’ ಎನ್ನಲು ಗಂಡಸು ‘ಜಾತೊ’ ಎನ್ನಬೇಕು, ಹೆಂಗಸು ‘ಜಾತೆ’ ಎನ್ನಬೇಕು. ನಮ್ಮ ‘ಒಲ್ಲೆ’ಗೆ ಆ ಭೇದವಿಲ್ಲ. ಅಪ್ಪನ ಒಲ್ಲೆಗೂ ಮಗಳ ಒಲ್ಲೆಗೂ ಒಂದೇ ತೂಕ.

ಆ ತೂಕವನ್ನು ನಾನು ಕಂಡವನು. ಅಕ್ಕ ಇನ್ನೂ ಓದುತ್ತಿದ್ದಾಗ ಗಂಡಿನ ಕಡೆಯವರು ಇದೇ ಪಡಸಾಲೆಯಲ್ಲಿ ಬಂದು ಕುಳಿತಿದ್ದರು. “ಹುಡುಗಿ ಏನಂತಾಳ?” ಎಂದು ಅವರಲ್ಲೊಬ್ಬ ಹಿರಿಯರು ಕೇಳಿದರು. “ಅಕೀದೇನ್ರಿ? ನಾವು ಹೂಂ ಅಂದರ ಅಕೀನೂ ಹೂಂ ಅಂತಾಳ” ಎಂದರು ಅಪ್ಪ. ಪ್ರಥಮ ಪುರುಷದಲ್ಲಿಯೆ ಅವಳ ಬಾಳು ತೀರ್ಮಾನವಾಗುವುದರಲ್ಲಿತ್ತು. ಅಡಿಗೆಮನೆಯ ಬಾಗಿಲಿನಿಂದ ಒಂದೇ ಮಾತು ಬಂದಿತು: “ಒಲ್ಲೆ.”

ಅಪ್ಪ ಎರಡು ತಿಂಗಳು ಅವಳೊಡನೆ ಮಾತನಾಡಲಿಲ್ಲ. ಅಕ್ಕ ಓದು ಮುಗಿಸಿದಳು, ಶಾಲೆಯಲ್ಲಿ ಶಿಕ್ಷಕಿಯಾದಳು, ತಾನು ಒಪ್ಪಿದವನನ್ನು ಮದುವೆಯಾದಳು. ಅವಳ ಮನಸ್ಸನ್ನು ಬಲ್ಲ ತಮ್ಮನಾಗಿ ನಾನು ಅಂದು ಅದೇ ಪಡಸಾಲೆಯಲ್ಲಿದ್ದೆನು. ‘ಅಕಿ ಒಲ್ಲಳು’ ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಇಷ್ಟು ವರ್ಷ ವ್ಯಾಕರಣ ಕಲಿಸಿದರೂ ಆ ಒಂದು ರೂಪ ನನ್ನ ಗಂಟಲಲ್ಲಿ ಉಳಿದುಬಿಟ್ಟಿದೆ.

“ಒಲ್ಲೆ ಅನ್ನಾಕ ಸ್ಪ್ಯಾನಿಷಿನ್ಯಾಗ ಏನಂತಾರ?” ಎಂದು ಹುಡುಗಿಯನ್ನು ಕೇಳಿದೆನು.

“ನೊ ಕಿಯೆರೊ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಅಲ್ಲಿಂದಲೇ ಕೂಗಿ ಹೇಳಿದಳು: “ಅದನ್ನ ಚಲೊ ಬಾಯಿಪಾಠ ಮಾಡು.”